ಸೂರು ಮೊದಲು, ಗೋಡೆ ಆಮೇಲೆ

ಸಕಲೇಶಪುರದಿಂದ ಮೂಡಿಗೆರೆ ಕಡೆಗೆ ಹೋಗುವ ಈ ರಸ್ತೆಯಲ್ಲಿ ಹೊಸ ಮನೆಗಳು ಏಳುತ್ತಿವೆ, ನೋಡಿ. ಗೇಟಿನ ಪಕ್ಕ ಸಿಮೆಂಟಿನ ಶಿಲಾಬಾಲಿಕೆ, ಮುಂದೆ ಹೊಯ್ಸಳ ಕಂಬ, ತಲೆಯ ಮೇಲೆ ಮಾತ್ರ ಸಪಾಟು ತಾರಸಿ. ಜೂನ್ ಬಂದರೆ ಸೋರುತ್ತದೆ. ಮರುವರ್ಷ ಅದರ ಮೇಲೆ ತಗಡಿನ ಮಾಡು ಏರುತ್ತದೆ. ನಮ್ಮ ಮನೆಯ ನಕ್ಷೆಗೆ ಕುಳಿತಾಗ ನನ್ನದು ಒಂದೇ ಕರಾರು: ಕಂಬ ಬೇಡ, ಸೂರು ಬೇಕು.

ಬೇಲೂರಿನಲ್ಲಿ ಎಲ್ಲರೂ ಶಿಲಾಬಾಲಿಕೆಯರನ್ನು ನೋಡುತ್ತಾರೆ. ಅವರು ಯಾವುದರ ಕೆಳಗೆ ನಿಂತಿದ್ದಾರೆ ಎಂದು ನೋಡುವವರು ಕಡಿಮೆ. 1117ರ ಆ ಚೆನ್ನಕೇಶವ ದೇವಸ್ಥಾನದಲ್ಲಿ ಗೋಡೆಯಿಂದ ಹೊರಕ್ಕೆ ಚಾಚಿದ ಕಲ್ಲಿನ ಸೂರಿದೆ, ಕೆಳಗೆ ಇಡೀ ಕಟ್ಟಡವನ್ನು ಎತ್ತಿ ಹಿಡಿದ ಜಗತಿಯಿದೆ. ಮಲೆನಾಡಿನ ತೊಟ್ಟಿಮನೆ ಮಾಡುವುದೂ ಇದನ್ನೇ, ಕಲ್ಲಿನ ಬದಲು ಮಣ್ಣು ಮತ್ತು ಮರದಲ್ಲಿ. ಹಾಗಾಗಿ ನಮ್ಮ ತಳಪಾಯ ನೆಲದಿಂದ ಮೂರು ಅಡಿ ಮೇಲಕ್ಕೆ ಕಾಡುಗಲ್ಲಿನದು, ಸೂರು ಗೋಡೆಯಿಂದ ನಾಲ್ಕು ಅಡಿ ಹೊರಕ್ಕೆ.

ಗೋಡೆ ಮಣ್ಣಿನದು ಎಂದಾಗ ಅತ್ತೆ ಕೇಳಿದರು: "ಈ ಮಳೆಗೆ ಕರಗಿಹೋಗುವುದಿಲ್ಲವೇನಪ್ಪಾ?" ನ್ಯಾಯವಾದ ಪ್ರಶ್ನೆ. ಇದು ಬರಿಯ ಮಣ್ಣಲ್ಲ. ತಳಪಾಯಕ್ಕೆ ಅಗೆದ ಕೆಂಪು ಮಣ್ಣನ್ನು ಜರಡಿ ಹಿಡಿದು, ಮರಳು ಬೆರೆಸಿ, ನೂರಕ್ಕೆ ಏಳು ಪಾಲು ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನದ 'ಅಸ್ತ್ರ' ಕೇಂದ್ರ ಈ ಬಗೆಯ ಇಟ್ಟಿಗೆಯ ಮೇಲೆ ಬಹಳ ಕೆಲಸ ಮಾಡಿದೆ. ಸುಡುವ ಕೆಲಸವೇ ಇಲ್ಲ, ಹಾಗಾಗಿ ಸೌದೆಯೂ ಬೇಡ. ಒತ್ತಿದ ಮೇಲೆ ಮೂರು ವಾರ ಒದ್ದೆಯಾಗಿಡಬೇಕು, ಅಷ್ಟೇ.

ಆದರೂ ಪಡುವಣ ಗೋಡೆಗೆ ಬಡಿಯುವ ಇರಚಲನ್ನು ಸೂರೊಂದೇ ತಡೆಯಲಾರದು. ಹಿಂದಿನವರು ಮಳೆಗಾಲಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ನಾವು ಆ ಮಗ್ಗುಲಿಗೆ ಬಚ್ಚಲುಮನೆ ಮತ್ತು ಸೌದೆಕೊಟ್ಟಿಗೆ ತಂದೆವು. ದಿನವೂ ಹಂಡೆ ಒಲೆ ಉರಿಯುವ ಜಾಗದಲ್ಲಿ ಗೋಡೆ ಬೂಷ್ಟು ಹಿಡಿಯುವುದು ಕಷ್ಟ. ಈ ನಕ್ಷೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಮೂಲೆ ಇದು.

ಹೆಂಚು ಹಳೆಯದು, ಕೆಡವಿದ ಮನೆಗಳಿಂದ ತಂದದ್ದು. ಬೆರಳಿನಿಂದ ತಟ್ಟಿದರೆ ಕಂಚಿನಂತೆ ಸದ್ದು ಬರಬೇಕು. ಬೊದ್ದು ಸದ್ದಾದರೆ ಒಳಗೆ ಬಿರುಕಿದೆ ಎಂದರ್ಥ. ಅಂದಹಾಗೆ, ಮಂಗಳೂರು ಹೆಂಚು ನಮ್ಮ ಅನಾದಿ ಆಸ್ತಿಯೇನಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದದ್ದು. ಹೆಂಚು ಹೊರುವ ಪಕಾಸಿಗಳು ಮನೆಯ ಹಲಸಿನ ಮರದವು. ಬೀಟೆ ಮರದ ಆಸೆ ಯಾರಿಗಿಲ್ಲ? ಅದರ ಅನುಮತಿಯ ಕಡತದ ಹಿಂದೆ ಓಡುವಷ್ಟು ಆಯಸ್ಸು ನನಗಿಲ್ಲ.

ಈಗ ಕಾಣುತ್ತಿರುವುದು ತೊಟ್ಟಿ, ಮನೆಯ ನಡುವಿನ ತೆರೆದ ಅಂಗಳ. ಗಾಜು ಮುಚ್ಚಿ ಎಂದು ಹಲವರು ಹೇಳಿದರು. ಮುಚ್ಚಿದರೆ ಬಿಸಿಗಾಳಿ ಹೋಗುವುದೆಲ್ಲಿಗೆ? ತೆರೆದೇ ಇಟ್ಟೆವು, ಅಳತೆ ಮಾತ್ರ ಚಿಕ್ಕದು. ಈ ಸೀಮೆಯಲ್ಲಿ ನೂರು ಚದರ ಮೀಟರ್ ಮಾಡಿನ ಮೇಲೆ 2,000 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ ಎರಡು ಲಕ್ಷ ಲೀಟರ್ ನೀರು. ಅಷ್ಟನ್ನು ಹಿಡಿದಿಡುವ ಟ್ಯಾಂಕು ಕಟ್ಟಲು ದುಡ್ಡಿಲ್ಲ. ಒಂದು ಪಾಲು ಚಿಕ್ಕ ಟ್ಯಾಂಕಿಗೆ, ಉಳಿದದ್ದು ಬಾವಿಯ ಪಕ್ಕದ ಇಂಗುಗುಂಡಿಗೆ. ಮಾರ್ಚ್‌ನಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಕಾಯುವ ದಿನಗಳಲ್ಲಿ ಬಾವಿಯೇ ಗತಿ.

ಒಂದು ತಲೆನೋವು ಮಾತ್ರ ಬಗೆಹರಿದಿಲ್ಲ: ಮಂಗ. ಹೆಂಚಿನ ಮೇಲೆ ಅವು ಒಂದು ಸುತ್ತು ಹಾರಿದರೆ ಮರಗೆಲಸದ ಆಚಾರರಿಗೆ ಫೋನ್ ಮಾಡಬೇಕು. ಸದ್ಯಕ್ಕೆ ಇನ್ನೂರು ಹೆಂಚು ಹೆಚ್ಚಿಗೆ ತಂದು ಅಟ್ಟದ ಮೇಲೆ ಜೋಡಿಸಿದ್ದೇವೆ.