ಹರಪ್ಪಕ್ಕೆ ಹೋಗುವ ದಾರಿ ಮೊಳಕಾಲ್ಮುರು ಮೇಲೆ

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತನ್ನು ನನಗೆ ಕೊಟ್ಟಿದ್ದೀರಿ. ಚಿತ್ರದುರ್ಗದ ಬಿಸಿಲು, ಹೊಟ್ಟೆ ತುಂಬ ಮುದ್ದೆ. ಯಾರಿಗಾದರೂ ತೂಕಡಿಕೆ ಬಂದರೆ ತಪ್ಪು ಅವರದಲ್ಲ. ಅದಕ್ಕೇ ಸಿದ್ಧಾಂತದ ಮಾತು ಕಡಿಮೆ ಮಾಡಿ, ನಾಳೆಯೇ ತರಗತಿಯಲ್ಲಿ ಮಾಡಬಹುದಾದದ್ದನ್ನು ಜಾಸ್ತಿ ಹೇಳುತ್ತೇನೆ.

ಆರರಿಂದ ಎಂಟನೇ ತರಗತಿ ಮಕ್ಕಳಿಗೆ ಪ್ರಾಚೀನ ನಾಗರಿಕತೆಗಳ ಪಾಠ ಹೇಗೆ ನಡೆಯುತ್ತದೆ ಅಂತ ನಮಗೆಲ್ಲ ಗೊತ್ತು. ಸಿಂಧೂ ಅಂದರೆ ಮಹಾ ಸ್ನಾನಗೃಹ. ಈಜಿಪ್ಟ್ ಅಂದರೆ ಪಿರಮಿಡ್. ಮೆಸೊಪೊಟೇಮಿಯ ಅಂದರೆ ಕ್ಯೂನಿಫಾರ್ಮ್ ಲಿಪಿ. ಚೀನಾ ಅಂದರೆ ರೇಷ್ಮೆ. ಹೊಂದಿಸಿ ಬರೆಯಿರಿ, ನಾಲ್ಕು ಅಂಕ. ಮಕ್ಕಳು ನಾಲ್ಕಕ್ಕೆ ನಾಲ್ಕು ತೆಗೆಯುತ್ತಾರೆ. ಆದರೆ "ಇದೆಲ್ಲ ಹೇಗೆ ಗೊತ್ತಾಯಿತು?" ಅಂತ ಕೇಳಿ ನೋಡಿ. "ಪುಸ್ತಕದಲ್ಲಿದೆ ಸಾರ್" ಅನ್ನುತ್ತಾರೆ. ಪುಸ್ತಕ ಬರೆದವರಿಗೆ ಹೇಗೆ ಗೊತ್ತಾಯಿತಪ್ಪಾ? ಅಲ್ಲಿಗೆ ಇಡೀ ತರಗತಿ ತೆಪ್ಪಗಾಗುತ್ತದೆ.

ನಾನು ಹೇಳಬೇಕಿರುವುದು ಇಷ್ಟೇ: ಪಾಠವನ್ನು ಆ ಪ್ರಶ್ನೆಯಿಂದಲೇ ಶುರು ಮಾಡಿ. ಉತ್ತರ ಹುಡುಕಲು ನೈಲ್ ನದಿ ತನಕ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟು ಸಾಮಗ್ರಿ ಇದೆ.

ಮೊದಲು ಕಾಲದ ಲೆಕ್ಕ. 'ಕ್ರಿ.ಪೂ. 2500' ಅನ್ನುವುದು ಹನ್ನೆರಡು ವರ್ಷದ ಮಗುವಿಗೆ ಬರೀ ಸಂಖ್ಯೆ. ಅದರಲ್ಲೂ ಹಿಂದೆ ಹೋದಂತೆ ಅಂಕಿ ದೊಡ್ಡದಾಗುತ್ತದೆ, ಮುಂದೆ ಬಂದಂತೆ ಚಿಕ್ಕದಾಗುತ್ತದೆ. ಮಕ್ಕಳಿಗೆ ಗೊಂದಲ ಆಗದೆ ಇನ್ನೇನು? ಒಂದು ಉದ್ದನೆಯ ದಾರ ತನ್ನಿ. ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್. ಆಟದ ಮೈದಾನದಲ್ಲಿ ಎಳೆದು ಹಿಡಿಸಿ. ಈ ತುದಿ ಇವತ್ತು. ಮಗುವಿನ ವಯಸ್ಸು ಹನ್ನೆರಡು ಸೆಂಟಿಮೀಟರ್, ಒಂದು ಗೇಣಿಗಿಂತ ಕಡಿಮೆ. ಅಜ್ಜಿಯದು ಒಂದು ಮೊಳ ದಾಟುತ್ತದೆ. 1779ರಲ್ಲಿ ಹೈದರಾಲಿ ದುರ್ಗದ ಕೋಟೆ ಹಿಡಿದದ್ದು ಸುಮಾರು ಎರಡೂವರೆ ಮೀಟರ್ ದೂರದಲ್ಲಿ ಬರುತ್ತದೆ. ಇದಕ್ಕೇ ಮಕ್ಕಳು ಬಾಯಿ ಬಿಡುತ್ತಾರೆ. ಅವರ ಮನಸ್ಸಿನಲ್ಲಿ ಮದಕರಿ ನಾಯಕ ಅಂದರೆ ಬಹಳ ಬಹಳ ಹಿಂದೆ. ದಾರದ ಮೇಲೆ ನೋಡಿದರೆ ಪಕ್ಕದಲ್ಲೇ ನಿಂತಿದ್ದಾರೆ!

ಹಾಗೇ ನಡೆಸಿಕೊಂಡು ಹೋಗಿ. ಕದಂಬರ ಮಯೂರಶರ್ಮ ಹದಿನೇಳು ಮೀಟರ್ ಹತ್ತಿರ. ಅಶೋಕ ಇಪ್ಪತ್ಮೂರು ಮೀಟರ್ ಹತ್ತಿರ. ಮೊಹೆಂಜೊದಾರೊ ನಗರ ಮೂವತ್ತೊಂಬತ್ತರಿಂದ ನಲವತ್ತಾರು ಮೀಟರ್ ತನಕ. ಗೀಜಾದ ದೊಡ್ಡ ಪಿರಮಿಡ್ ಸುಮಾರು ನಲವತ್ತಾರರಲ್ಲಿ. ಈಗ ಅಶೋಕನ ಹತ್ತಿರ ನಿಂತ ಹುಡುಗಿಯನ್ನು ಎರಡೂ ಕಡೆ ನೋಡಲು ಹೇಳಿ. ಅಶೋಕನಿಂದ ನಾವು ಎಷ್ಟು ದೂರವೋ, ಪಿರಮಿಡ್ ಕೂಡ ಹೆಚ್ಚುಕಡಿಮೆ ಅಷ್ಟೇ ದೂರ. ನಾವು ಎಲ್ಲವನ್ನೂ 'ಪ್ರಾಚೀನ' ಅನ್ನುವ ಒಂದೇ ಚೀಲಕ್ಕೆ ತುಂಬಿಬಿಡುತ್ತೇವೆ. ದಾರ ಆ ಚೀಲವನ್ನು ಬಿಚ್ಚಿ ಹರಡುತ್ತದೆ. ಮೈದಾನ ಚಿಕ್ಕದಾದರೆ ವರ್ಷಕ್ಕೆ ಅರ್ಧ ಸೆಂಟಿಮೀಟರ್ ಮಾಡಿಕೊಳ್ಳಿ.

ದಾರ ಸುತ್ತುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ಮೊಹೆಂಜೊದಾರೊದಲ್ಲಿ ಇಟ್ಟಿಗೆಯ ಚರಂಡಿ ಕಟ್ಟುತ್ತಿದ್ದಾಗ ನಮ್ಮ ಕಡೆ ಯಾರಿದ್ದರು? ಏನು ಮಾಡುತ್ತಿದ್ದರು? ಬಳ್ಳಾರಿ ಹತ್ತಿರದ ಸಂಗನಕಲ್ಲಿನಂಥ ನೆಲೆಗಳಲ್ಲಿ ಉತ್ತರ ಸಿಕ್ಕಿದೆ. ನಯ ಮಾಡಿದ ಕಲ್ಲಿನ ಕೊಡಲಿ ಇಟ್ಟುಕೊಂಡು, ದನ ಸಾಕಿಕೊಂಡು ಬದುಕುತ್ತಿದ್ದ ಜನ. ಅವರ ನೆಲದಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಪರೀಕ್ಷೆ ಮಾಡಿದ್ದಾರೆ. ಹುರುಳಿ, ಹೆಸರು, ಕೊರಲೆ! ಕೊರಲೆ ಅಂದ ಕೂಡಲೇ ನಮ್ಮ ಕಡೆಯ ತರಗತಿಯಲ್ಲಿ ಒಂದು ಕೈಯಾದರೂ ಮೇಲೇಳುತ್ತದೆ. "ನಮ್ಮ ಹೊಲದಲ್ಲೂ ಹಾಕ್ತಾರೆ ಮಿಸ್."

ಆಗ ಒಂದು ಮಗು ಕೇಳೇ ಕೇಳುತ್ತದೆ: "ಹಾಗಾದ್ರೆ ನಮ್ಮವರು ಹಿಂದುಳಿದಿದ್ರಾ?" ಈ ಪ್ರಶ್ನೆಗೆ ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಅವರು ನಗರ ಕಟ್ಟಲಿಲ್ಲ, ಲಿಪಿ ಇರಲಿಲ್ಲ. ಅದು ನಿಜ. ಸಿಂಧೂವಿನಂಥ ದೊಡ್ಡ ನದಿ ಇಲ್ಲದ ಒಣ ನೆಲದಲ್ಲಿ ಯಾವ ಕಾಳು ಬರುತ್ತದೆ ಅಂತ ಕಂಡುಕೊಂಡರು. ಅದೂ ನಿಜ. ಎರಡನ್ನೂ ಹೇಳಿ. ನಮ್ಮೂರಿನ ಮೇಲಿನ ಅಭಿಮಾನಕ್ಕೆ ಇಲ್ಲದ ನಗರವನ್ನು ಕಟ್ಟಿಕೊಡುವ ಚಟ ಈಗ ಜಾಸ್ತಿಯಾಗಿದೆ. ಅದು ಬೇಡ.

ಈಗ ಬ್ರಹ್ಮಗಿರಿಗೆ ಬರೋಣ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಶಾಸನಗಳಿವೆ. ಬೆಳಕಿಗೆ ತಂದವರು ಶಾಸನ ವಿದ್ವಾಂಸ ಬಿ.ಎಲ್. ರೈಸ್, 1892ರಲ್ಲಿ. ಆ ಅಕ್ಷರ ಓದಲು ಸಾಧ್ಯವಾದದ್ದು 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ್ದರಿಂದ. ಇಷ್ಟನ್ನು ನಾವು ಹೇಳುತ್ತೇವೆ, ಮುಂದೆ ಹೋಗಿಬಿಡುತ್ತೇವೆ. ಶಾಸನದಲ್ಲಿ ಏನಿದೆ ಅಂತ ಓದಿಸುವುದಿಲ್ಲ. ಓದಿಸಬೇಕು. ಸುವರ್ಣಗಿರಿ ಅನ್ನುವ ಊರಿನಿಂದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲ ಅನ್ನುವ ಊರಿನ ಮಹಾಮಾತ್ರರಿಗೆ ಕಳಿಸಿದ ಮಾತು ಅದು. ಶುರುವಾಗುವುದೇ ಆರೋಗ್ಯ ವಿಚಾರಿಸಿ. ನಮ್ಮ ಹಿರಿಯರು ಕಾಗದದಲ್ಲಿ 'ಉಭಯ ಕುಶಲೋಪರಿ' ಅಂತ ಬರೆಯುತ್ತಿದ್ದರಲ್ಲ, ಹಾಗೆ. ಆಮೇಲೆ ರಾಜನ ಮಾತು. ಕೊನೆಗೆ ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಕೊನೆಯ ಮಾತನ್ನು ಮಾತ್ರ ಒತ್ತಿ ಒತ್ತಿ ಓದುವ ಆಸೆ ನಮಗೆಲ್ಲ ಆಗುತ್ತದೆ, ಸ್ವಲ್ಪ ತಡೆದುಕೊಳ್ಳಿ.

ಬರೆದವನ ಹೆಸರೂ ಇದೆ, ಚಪಡ. ಹೆಸರಿನ ಜೊತೆಗೆ 'ಲಿಪಿಕಾರ' ಅನ್ನುವುದನ್ನು ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ. ತಕ್ಷಶಿಲೆ, ಪೇಶಾವರದ ಕಡೆ ಬಳಕೆಯಲ್ಲಿದ್ದದ್ದು. ಮೊಳಕಾಲ್ಮುರಿನ ಬಂಡೆಗೆ ಅದು ಹೇಗೆ ಬಂತು? ಇಲ್ಲಿ ಪಾಠ ನಿಲ್ಲಿಸಿ, ಮಕ್ಕಳಿಗೆ ಬಿಡಿ. ಅವನು ಅಲ್ಲಿಂದ ಬಂದಿರಬಹುದು. ಅಲ್ಲಿಯವರ ಹತ್ತಿರ ಕಲಿತಿರಬಹುದು. "ನನಗೆ ಎರಡು ಲಿಪಿ ಬರುತ್ತೆ" ಅಂತ ತೋರಿಸಿಕೊಂಡಿರಬಹುದು. ಯಾವುದನ್ನು ನಂಬುತ್ತೀರಿ, ಯಾಕೆ? ಇದೇ ಇತಿಹಾಸಕಾರರ ಕೆಲಸ, ಅದನ್ನು ಮಕ್ಕಳೂ ಮಾಡಬಲ್ಲರು.

ಇದಕ್ಕೆ ಒಂದು ಚಟುವಟಿಕೆ ಇದೆ. ಎಫ್‌ಎಗೂ, ಅಂದರೆ ರೂಪಣಾತ್ಮಕ ಮೌಲ್ಯಮಾಪನಕ್ಕೂ ಆಗುತ್ತದೆ. ಹತ್ತು ಸಾಲಿನ ಒಂದು ಪತ್ರ ಬರೆದು ಮೂರು ಪ್ರತಿ ಮಾಡಿ. ಒಂದೊಂದನ್ನು ಒಂದೊಂದು ಕಡೆ ಹರಿಯಿರಿ, ಮಸಿ ಬಳಿಯಿರಿ. ಮೂರು ಗುಂಪಿಗೆ ಕೊಡಿ. ಒಂದು ಗುಂಪಿಗೂ ಪೂರ್ತಿ ಓದಲು ಆಗುವುದಿಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಪತ್ರ ತುಂಬಿಕೊಳ್ಳುತ್ತದೆ. ನಮ್ಮ ಮೂರು ಶಾಸನಗಳನ್ನು ಓದಿದ್ದೂ ಹೀಗೇ. ಒಂದರಲ್ಲಿ ಸವೆದ ಅಕ್ಷರ ಇನ್ನೊಂದರಲ್ಲಿ ಉಳಿದಿತ್ತು. ಇದನ್ನು ಮಾಡಿದ ಮಗುವಿಗೆ ಈಜಿಪ್ಟಿನಲ್ಲಿ ಸಿಕ್ಕ ರೊಸೆಟ್ಟಾ ಕಲ್ಲನ್ನು ವಿವರಿಸುವುದು ಸುಲಭ. ಒಂದೇ ಆಜ್ಞೆ ಮೂರು ಲಿಪಿಗಳಲ್ಲಿ, ಅದರಲ್ಲಿ ಗ್ರೀಕ್ ಓದಲು ಬರುತ್ತಿತ್ತು. ಅದನ್ನು ಹಿಡಿದುಕೊಂಡು 1822ರಲ್ಲಿ ಶಾಂಪೋಲಿಯನ್ ಈಜಿಪ್ಟಿನ ಚಿತ್ರಲಿಪಿಯ ಬೀಗ ತೆಗೆದರು. ಸಿಂಧೂ ಲಿಪಿಗೆ ಅಂಥ ಕಲ್ಲು ಸಿಕ್ಕಿಲ್ಲ. ಬರಹಗಳೂ ಬಹಳ ಚಿಕ್ಕವು, ಸರಾಸರಿ ಐದು ಚಿಹ್ನೆ. ಅದಕ್ಕೇ ಎಲ್ಲ ವಿದ್ವಾಂಸರೂ ಒಪ್ಪುವ ಓದು ಇನ್ನೂ ಬಂದಿಲ್ಲ. ವಾಟ್ಸಾಪಿನಲ್ಲಿ ಮಾತ್ರ ತಿಂಗಳಿಗೊಮ್ಮೆ ಯಾರೋ ಓದಿಬಿಟ್ಟಿರುತ್ತಾರೆ.

ಇನ್ನು ಅಗೆತ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲೂ ನಮ್ಮ ಚಂದ್ರವಳ್ಳಿಯಲ್ಲೂ ಅಗೆಸಿದರು. ಚಂದ್ರವಳ್ಳಿಯಲ್ಲಿ ಅದಕ್ಕೂ ಮೊದಲೇ ಎಂ.ಎಚ್. ಕೃಷ್ಣ ಅವರು ಕೆಲಸ ಮಾಡಿದ್ದರು. ಬ್ರಹ್ಮಗಿರಿಯಲ್ಲಿ ತಳದಲ್ಲಿ ಕಲ್ಲಿನ ಕೊಡಲಿಯ ಜನ, ಮೇಲೆ ಬೃಹತ್ ಶಿಲಾ ಸಮಾಧಿಯ ಜನ, ಅದರ ಮೇಲೆ ಶಾತವಾಹನರ ಕಾಲ. ಕಾಲ ಗೊತ್ತಾಗಿದ್ದು ಹೇಗೆ? ಪಾಂಡಿಚೇರಿ ಹತ್ತಿರದ ಅರಿಕಮೇಡುವಿನಲ್ಲಿ 1945ರಲ್ಲಿ ವೀಲರ್‌ಗೆ ರೋಮನ್ ಪಾತ್ರೆಗಳ ಚೂರು ಸಿಕ್ಕಿದ್ದವು. ಅವುಗಳ ಕಾಲ ಇಟಲಿಯಲ್ಲಿ ಗೊತ್ತಿತ್ತು. ಅವುಗಳ ಜೊತೆ ಗೀರು ಗೀರಿನ ಅಲಂಕಾರ ಇರುವ ಇನ್ನೊಂದು ಬಗೆಯ ಮಡಕೆ ಇತ್ತು. ಅದೇ ಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಸಿಕ್ಕಿತು. ಅಲ್ಲಿಗೆ ಆ ಪದರಕ್ಕೆ ವಯಸ್ಸು ಬಂತು, ಕೆಳಗಿನವು ಅದಕ್ಕಿಂತ ಹಳೆಯವು. ಆದರೆ ತಳದ ಪದರಕ್ಕೆ ವೀಲರ್ ಕೊಟ್ಟ ಕಾಲ ತೀರ ಈಚಿನದು. ಇಂಥ ನೆಲೆಗಳಲ್ಲಿ ಸಿಕ್ಕ ವಸ್ತುಗಳ ವಯಸ್ಸು ತಿಳಿಸುವ ಇಂಗಾಲ ಪರೀಕ್ಷೆಯಾದ ಮೇಲೆ ಅದು ಸಾವಿರ ವರ್ಷಕ್ಕೂ ಹೆಚ್ಚು ಹಿಂದೆ ಸರಿಯಿತು. ಇದನ್ನೂ ಮಕ್ಕಳಿಗೆ ಹೇಳಿ. ಹೊಸ ಸಾಕ್ಷಿ ಬಂದರೆ ದೊಡ್ಡವರ ಮಾತೂ ಬದಲಾಗುತ್ತದೆ.

ಚಂದ್ರವಳ್ಳಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಕೆರೆ, ಅಂಕಲಿ ಮಠದ ಗುಹೆ, ಚಿತ್ರಾನ್ನ, ವಾಪಸ್. ಅಲ್ಲೇ ಬಂಡೆಯ ಮೇಲೆ ಕೆರೆಯ ವಿಷಯ ಹೇಳುವ ಮಯೂರಶರ್ಮನ ಶಾಸನ ಇದೆ. ಅದೇ ನೆಲದಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಪಾಠದಲ್ಲಿ ಬರುವ ರೋಮ್ ಎಲ್ಲೋ ಇಲ್ಲ, ಒಮ್ಮೆ ಇಲ್ಲಿಗೂ ಬಂದು ಹೋಗಿದೆ. ಆದರೆ ಒಂದು ಎಚ್ಚರ: ಅಕ್ಷರ ಕಾಣಲಿ ಅಂತ ಶಾಸನದ ಮೇಲೆ ಸೀಮೆಸುಣ್ಣ ತಿಕ್ಕಲು ಬಿಡಬೇಡಿ. ಬೋಕಿ ಚೂರು ಕಂಡರೆ ಅಲ್ಲೇ ಇರಲಿ. ಜೇಬಿಗೆ ಹೋದ ಚೂರು ಯಾವ ಪದರದ್ದು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಈಗ ಹರಪ್ಪಕ್ಕೆ, ಈಜಿಪ್ಟಿಗೆ ಹೋಗಬಹುದು. ಮೊಹೆಂಜೊದಾರೊದ ಸ್ನಾನದ ಕೊಳ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ. ಸುಣ್ಣದ ಪುಡಿಯಿಂದ ಮೈದಾನದಲ್ಲಿ ಅಷ್ಟೇ ಅಳತೆಗೆ ಗೆರೆ ಹಾಕಿಸಿ. ಸಂತೇಬೆನ್ನೂರಿನ ಪುಷ್ಕರಿಣಿ ನೋಡಿದ ಮಕ್ಕಳು "ಇಷ್ಟೇನಾ?" ಅನ್ನುತ್ತಾರೆ. ಅನ್ನಲಿ. ನೀರು ಸೋರದ ಹಾಗೆ ಅದಕ್ಕೆ ಟಾರಿನಂಥ ಬಿಟುಮೆನ್ ಬಳಿದಿದ್ದರು ಅನ್ನುವುದು ಕಣ್ಣಿಗೆ ಕಂಡದ್ದು. ಪೂಜೆಗೆ ಮೊದಲಿನ ಸ್ನಾನಕ್ಕೆ ಅನ್ನುವುದು ಊಹೆ. ನಾವು ಕಲ್ಯಾಣಿಗಳನ್ನು ನೋಡಿ ಬೆಳೆದವರು, ಅದಕ್ಕೆ ಆ ಊಹೆ ನಮಗೆ ಸಲೀಸಾಗಿ ಹತ್ತುತ್ತದೆ. ಕರಿಹಲಗೆಯನ್ನು ಎರಡು ಭಾಗ ಮಾಡಿ 'ಕಂಡದ್ದು', 'ಊಹಿಸಿದ್ದು' ಅಂತ ಬರೆಸಿ.

ಪಿರಮಿಡ್ ಬಂದಾಗ ಹಿಂದಿನ ಬೆಂಚಿನಿಂದ ಒಂದು ದನಿ ಬರುತ್ತದೆ: "ಏಲಿಯನ್‌ಗಳು ಕಟ್ಟಿದ್ದಂತೆ ಸಾರ್, ಯೂಟ್ಯೂಬ್‌ನಲ್ಲಿ ನೋಡಿದೆ." ಗದರಿಸಬೇಡಿ, ಒಳ್ಳೆಯ ಅವಕಾಶ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ ಪಪೈರಸ್ ಹಾಳೆಗಳು, ಅಂದರೆ ಜೊಂಡಿನಿಂದ ಮಾಡಿದ ಕಾಗದಗಳು ಸಿಕ್ಕವು. ಮೆರೆರ್ ಅನ್ನುವ ಮೇಸ್ತ್ರಿಯ ದಿನಚರಿ. ಗೀಜಾದ ದೊಡ್ಡ ಪಿರಮಿಡ್ ಕಟ್ಟಿಸಿದ ಖುಫು ರಾಜನ ಕಾಲದಲ್ಲಿ ತುರಾ ಗಣಿಯಿಂದ ಸುಣ್ಣದ ಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ಸಾಗಿಸಿದ್ದನ್ನು ದಿನದಿನವೂ ಬರೆದಿಟ್ಟಿದ್ದಾನೆ. ಏಲಿಯನ್‌ಗಳಿಗೆ ದೋಣಿ ಯಾಕೆ ಬೇಕಿತ್ತು ಅಂತ ಆ ಹುಡುಗನನ್ನೇ ಕೇಳಿ.

ಇನ್ನೊಂದು ನನಗೆ ತುಂಬಾ ಇಷ್ಟವಾದದ್ದು, ಒಂದು ಹಾಜರಿ. ಈಜಿಪ್ಟಿನಲ್ಲಿ ರಾಜರ ಸಮಾಧಿ ಕೊರೆಯುತ್ತಿದ್ದ ಕೆಲಸಗಾರರದು, ಎರಡನೇ ರಾಮ್ಸೆಸ್ ರಾಜನ ಕಾಲದ್ದು, 3,200 ವರ್ಷಕ್ಕೂ ಹಳೆಯದು. ಕಲ್ಲಿನ ಚಪ್ಪಡಿ ಚೂರಿನ ಮೇಲೆ ಬರೆದಿದ್ದಾರೆ. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಯಾರು ಬಂದಿಲ್ಲ, ಯಾಕೆ ಬಂದಿಲ್ಲ: ಕಣ್ಣು ನೋವು, ಚೇಳು ಕುಟುಕಿದೆ, ಬಿಯರ್ ತಯಾರಿಸುತ್ತಿದ್ದ. ನಿಮ್ಮ ಹಾಜರಿ ಪುಸ್ತಕವನ್ನು ಪಕ್ಕದಲ್ಲಿಟ್ಟು ಓದಿ ಹೇಳಿ. ಮೂರು ಸಾವಿರ ವರ್ಷದ ನಂತರ ನಿಮ್ಮ ಹಾಜರಿ ಪುಸ್ತಕ ಒಂದೇ ಉಳಿದರೆ ನಮ್ಮ ಬಗ್ಗೆ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ? ಆವತ್ತಿನ ಹೋಂವರ್ಕ್ ಅದೇ.

ಸಿಲಬಸ್ ಮುಗಿಯಲ್ಲ ಅನ್ನುವ ಮಾತು ನಿಮ್ಮ ಮುಖದಲ್ಲೇ ಕಾಣುತ್ತಿದೆ. ನಿಜ, ಎಲ್ಲಕ್ಕೂ ಪಿರಿಯಡ್ ಸಿಗಲ್ಲ. ಮೆಸೊಪೊಟೇಮಿಯ, ಚೀನಾ ಬೇಗ ಮುಗಿಸಿ, ನಷ್ಟವೇನಿಲ್ಲ. ದಾರ ಮತ್ತು ಹರಿದ ಪತ್ರ, ಈ ಎರಡನ್ನು ಮಾತ್ರ ಬಿಡಬೇಡಿ. ಎರಡೂ ತಲಾ ಒಂದು ಪಿರಿಯಡ್ ಸಾಕು. ಪರೀಕ್ಷೆಯಲ್ಲಿ ಹೊಂದಿಸಿ ಬರೆಯಿರಿ ಇರಲಿ. ಅದರ ಕೆಳಗೆ ಎರಡು ಅಂಕಕ್ಕೆ ಒಂದು ಪ್ರಶ್ನೆ ಸೇರಿಸಿ: "ಮೇಲಿನವುಗಳಲ್ಲಿ ಯಾವುದಾದರೂ ಒಂದು ನಮಗೆ ಹೇಗೆ ತಿಳಿಯಿತು?" ದಾರ ತಂದಿದ್ದೇನೆ, ಐವತ್ತು ಮೀಟರ್ ಇದೆ. ಟೀ ಬರುವಷ್ಟರಲ್ಲಿ ಹೊರಗೆ ಎಳೆದು ನೋಡೋಣ. ಪ್ರಶ್ನೆಗಳನ್ನು ಅಲ್ಲೇ ಕೇಳಿ.