ಸಲಹೆ ಕೊಟ್ಟಿದ್ದೇವೆ, ಕಾರಣ ಹೇಳಿ

ನಮಸ್ಕಾರ, ಕೇಳುಗರೇ.

ಪುಣೆಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ರಸ್ತೆ, ನೀರು, ಕಸದ ಮಾತು ಬಂದೇ ಬರುತ್ತದೆ. ಕೋಥರೂಡಿನವರಿಗೆ ಫುಟ್‌ಪಾತಿನ ಚಿಂತೆ, ಸಿಂಹಗಡ ರಸ್ತೆಯವರಿಗೆ ಟ್ರಾಫಿಕ್ಕಿನದು. ಕೊನೆಗೆ ಯಾರೋ ಒಬ್ಬರು, "ನಾವು ಹೊರಗಿನಿಂದ ಬಂದವರು, ಪಾಲಿಕೆಯಲ್ಲಿ ನಮ್ಮನ್ನ್ಯಾರು ಕೇಳ್ತಾರೆ?" ಅಂದುಬಿಡುತ್ತಾರೆ. ಆಸ್ತಿ ತೆರಿಗೆ ಕಟ್ಟುವಾಗ ಮಾತ್ರ ಯಾರೂ ಹೊರಗಿನವರಲ್ಲ, ಅಲ್ವಾ?

ಪಾಲಿಕೆ ಕೇಳುವುದೇ ಇಲ್ಲ ಅನ್ನುವುದು ಸರಿಯಲ್ಲ. ಬಜೆಟ್ಟಿಗೆ ನಾಗರಿಕರಿಂದ ಸಲಹೆ ಪಡೆಯುವ ಪದ್ಧತಿ ಪುಣೆಯಲ್ಲಿ 2006ರಲ್ಲೇ ಶುರುವಾಯಿತು. ಕ್ಷೇತ್ರೀಯ ಕಾರ್ಯಾಲಯದಲ್ಲಿ, ಅಂದರೆ ನಮ್ಮ ಭಾಗದ ಪಾಲಿಕೆ ಕಚೇರಿಯಲ್ಲಿ, ಅರ್ಜಿ ಕೊಡುವುದು, ನಮ್ಮ ಬೀದಿಗೆ ದೀಪ ಬೇಕು, ಬಸ್ ಸ್ಟಾಪಿಗೆ ನೆರಳು ಬೇಕು ಅಂತ ಬರೆಯುವುದು. ಒಂದು ಕೆಲಸಕ್ಕೆ 5 ಲಕ್ಷ ರೂಪಾಯಿಯ ಮಿತಿ. ಪಾಲಿಕೆಯ 2025-26ರ ಬಜೆಟ್ 12,618 ಕೋಟಿ. ಅದರ ಮುಂದೆ ಇದು ಚಿಲ್ಲರೆಯೇ. ಆದರೂ ಬಾಗಿಲಂತೂ ಇದೆ.

ತೊಂದರೆ ಬರುವುದು ಬಾಗಿಲು ದಾಟಿದ ಮೇಲೆ. ನಗರದ ಡಿಪಿ, ಅಂದರೆ ಅಭಿವೃದ್ಧಿ ಯೋಜನೆಯನ್ನೇ ನೋಡಿ. ಎಲ್ಲಿ ರಸ್ತೆ ಅಗಲವಾಗಬೇಕು, ಯಾವ ಜಾಗ ಉದ್ಯಾನವಾಗಬೇಕು, ಯಾವ ಗುಡ್ಡ ಉಳಿಯಬೇಕು, ಎಲ್ಲ ಅದರಲ್ಲಿರುತ್ತದೆ. 1966ರ ಎಮ್‌ಆರ್‌ಟಿಪಿ, ಅಂದರೆ ಮಹಾರಾಷ್ಟ್ರದ ಪ್ರಾದೇಶಿಕ ಮತ್ತು ನಗರ ಯೋಜನೆ ಕಾಯ್ದೆ ಪ್ರಕಾರ ಕರಡು ಪ್ರಕಟಿಸಿ, ಜನರ ಹರಕತಿ-ಸೂಚನೆ, ಅಂದರೆ ಆಕ್ಷೇಪಣೆ-ಸಲಹೆ ಕೇಳಲೇಬೇಕು. 2013ರಲ್ಲಿ ಹಳೆ ಪುಣೆಯ ಕರಡಿಗೆ ಸುಮಾರು 87 ಸಾವಿರ ಹರಕತಿಗಳು ಬಂದವು. ಒಬ್ಬೊಬ್ಬರಿಗೆ ಎರಡೇ ನಿಮಿಷ ಕೊಟ್ಟರೂ ಎಷ್ಟು ತಿಂಗಳು ಬೇಕು, ನೀವೇ ಲೆಕ್ಕ ಹಾಕಿ. ಇನ್ನು ಬರೆದವರಿಗೆ, "ನಿಮ್ಮ ಮಾತನ್ನು ಇಂಥ ಕಾರಣಕ್ಕೆ ಒಪ್ಪಲಿಲ್ಲ" ಅಂತ ಯಾರು ಹೇಳುತ್ತಾರೆ?

ನನ್ನ ತಕರಾರು ಇಷ್ಟೇ. ನಮ್ಮ ಮಾತನ್ನು ಒಪ್ಪಲೇಬೇಕು ಅಂತ ಹಟವಿಲ್ಲ. ಎದುರು ಮನೆಯವರಿಗೆ ಬೇಕಾದದ್ದು ನಮಗೆ ಬೇಡವಾಗಿರಬಹುದು. ಆದರೆ ಒಪ್ಪದಿದ್ದರೆ ಕಾರಣ ಹೇಳಬೇಕು. ಇದು ಸುಮ್ನೆ ನನ್ನ ಆಸೆಯಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನಲ್ಲೇ ಇದೆ: ನಿರ್ಧಾರದಿಂದ ಯಾರಿಗೆ ಪರಿಣಾಮವಾಗುತ್ತದೋ ಅವರಿಗೆ ಕಾರಣ ತಿಳಿಸಬೇಕು. ನಾವು ಈ ಕಾಯ್ದೆಯನ್ನು ಹಗರಣ ಹೊರತೆಗೆಯುವುದಕ್ಕೆ ಮಾತ್ರ ಅಂದುಕೊಂಡಿದ್ದೇವೆ. ಈ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ಪರವಾಗಿ ಕಾರಣ ಕೇಳಬೇಕಾದವರೇ ಕೆಲವು ವರ್ಷ ಇರಲಿಲ್ಲ. 2022ರ ಮಾರ್ಚಿನಲ್ಲಿ ನಗರಸೇವಕರ, ಅಂದರೆ ಪಾಲಿಕೆ ಸದಸ್ಯರ, ಅವಧಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ನಡುವೆ ಆಡಳಿತಾಧಿಕಾರಿಯಾಗಿದ್ದ ಪಾಲಿಕೆ ಆಯುಕ್ತರದೇ ಕಾರುಬಾರು. ಪ್ರಸ್ತಾವ ತರುವುದು ಆಯುಕ್ತರು, ಸ್ಥಾಯಿ ಸಮಿತಿಯ ಜಾಗದಲ್ಲಿ ಕೂತು ಒಪ್ಪಿಗೆ ಕೊಡುವುದೂ ಅವರೇ. ವಾದ ಮಾಡಲು ಎದುರಿಗೆ ಒಬ್ಬರೂ ಇಲ್ಲ. ಕೆಲಸ ಬೇಗ ಆಗುತ್ತದೆ ಅಂತ ಕೆಲವರು ಖುಷಿಪಟ್ಟರು. ನನಗೇನೋ ಸಭೆಯ ಗದ್ದಲವೇ ವಾಸಿ ಅನ್ನಿಸುತ್ತದೆ. ಗದ್ದಲದಲ್ಲಾದರೂ ಎರಡು ವಿಷಯ ಹೊರಗೆ ಬರುತ್ತವೆ. ಈಗ ಮತ್ತೆ 165 ನಗರಸೇವಕರು ಬಂದಿದ್ದಾರೆ. ನಿಮ್ಮ ಪ್ರಭಾಗದವರು, ಅಂದರೆ ವಾರ್ಡಿನವರು, ಯಾರು ಅಂತ ಗೊತ್ತಿದೆಯಾ?

ಇನ್ನೊಂದು ಉಪಯೋಗದ ಮಾತು. ಸೋಮವಾರ ಮಧ್ಯಾಹ್ನ 3ರಿಂದ 5ರ ತನಕ ಪಾಲಿಕೆಯ ಕಡತಗಳನ್ನು ನಾಗರಿಕರು ನೇರವಾಗಿ ಹೋಗಿ ನೋಡಬಹುದು. ಪುಣೆಯಲ್ಲಿ ಶುರುವಾದ ಈ ಕ್ರಮವನ್ನು 2018ರಲ್ಲಿ ಸರ್ಕಾರ ರಾಜ್ಯದ ಬೇರೆ ಕಡೆಗೂ ವಿಸ್ತರಿಸಿತು. ಟೆಂಡರ್ ಏನು, ಗುತ್ತಿಗೆ ಯಾರದ್ದು, ರಸ್ತೆಯ ಗ್ಯಾರಂಟಿ ಎಷ್ಟು ವರ್ಷದ್ದು, ಎಲ್ಲ ಕೇಳಿ ನೋಡಬಹುದು.

ಕಾಗದ ಮರಾಠಿಯಲ್ಲಿರುತ್ತದೆ ಅನ್ನುವ ಅಳುಕು ನಮ್ಮವರಲ್ಲಿ ಜಾಸ್ತಿ. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿಗಂತೂ ಇದು ದೊಡ್ಡ ಅಡ್ಡಿ. ಮಾಹಿತಿ ಹಕ್ಕಿನ ಅರ್ಜಿ ಇಲ್ಲಿ ಕನ್ನಡದಲ್ಲಿ ನಡೆಯುವುದಿಲ್ಲ. ಮರಾಠಿ, ಹಿಂದಿ ಅಥವಾ ಇಂಗ್ಲಿಷ್ ಆಗಬೇಕು. ಹಾಗಾಗಿ ನಮ್ಮ ಸಂಘಗಳಲ್ಲಿ ರಾಜ್ಯೋತ್ಸವದ ತಯಾರಿ ನಡೆಯುವಾಗ ಪಕ್ಕದಲ್ಲೇ ಒಂದು ಮೇಜು ಹಾಕಿ. ಮರಾಠಿ ಬರೆಯಬಲ್ಲ ಇಬ್ಬರು ಕೂರಲಿ. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ.