ಎರಕ ಎಂಬ ಮಾತು

ಕೇಳುಗರಿಗೆ ನಮಸ್ಕಾರ. ದೀಪಾವಳಿಯ ಬೆಳಿಗ್ಗೆ ನಮ್ಮ ಧಾರವಾಡದ ಕಡೆ ಮನೆಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ: “ಎಲ್ಲಾರೂ ಎರಕೊಂಡ್ರೇನು?” ತಲೆಗೆ ನೀರು ಹಾಕಿಕೊಂಡಿರೇನು ಎಂದು. ಎರೆ ಎಂದರೆ ಹೊಯ್ಯಿ, ಸುರಿ. ಹಳಗನ್ನಡದಲ್ಲಿ ಇದಕ್ಕೆ ಶಕಟರೇಫ, ಅಂದರೆ ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರ, ಇತ್ತು. ಈ ಎರೆಯಿಂದಲೇ ಎರಕ ಬಂತು: ಕರಗಿಸಿದ ಲೋಹ, ಅದನ್ನು ಹೊಯ್ದು ಮಾಡಿದ ಕೆಲಸ. ಹಾಗೆ ನೋಡಿದರೆ “ಎರಕ ಹೊಯ್ಯುವುದು” ಎಂದಾಗ ಒಂದೇ ಮಾತನ್ನು ಎರಡು ಸಲ ಆಡುತ್ತೇವೆ. ಆಡೋಣ, ಕಿವಿಗೆ ಚೆನ್ನಾಗಿದೆ.

ಹಳೆಯ ಕಾವ್ಯ ಓದುವವರು ಒಂದು ಕಡೆ ಎಚ್ಚರ ಇರಬೇಕು. ಅಲ್ಲಿ ಎರಕ ಎಂದರೆ ಒಲವು ಎಂಬ ಅರ್ಥವೂ ಉಂಟು. ಅದು ಎರಗು ಎಂಬುದರಿಂದ ಬಂದದ್ದು. ಕುಲುಮೆಗೂ ಅದಕ್ಕೂ ನಂಟಿಲ್ಲ.

ಇನ್ನು ಕೆಲಸದ ಮಾತು. ಮೊದಲು ಜೇನುಮೇಣದಲ್ಲಿ ಮೂರ್ತಿ ಮಾಡುತ್ತಾರೆ. ಮೇಲೆ ನುಣ್ಣನೆಯ ಮಣ್ಣು ಮೆತ್ತಿ, ಒಣಗಿಸಿ, ಕಾಯಿಸುತ್ತಾರೆ. ಮೇಣ ಕರಗಿ ತೂತಿನಿಂದ ಹರಿದುಹೋಗುತ್ತದೆ. ಆ ಬರಿದಾದ ಜಾಗಕ್ಕೆ ಲೋಹ ಹೊಯ್ಯುವುದು. ಗದಗ ಸೀಮೆಯನ್ನೂ ಆಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಬೆಳ್ಳಿಯಾದರೆ ಮೇಣದ ತೂಕದ 12 ಪಟ್ಟು, ಚಿನ್ನವಾದರೆ 16 ಪಟ್ಟು ಬೇಕಂತೆ. ಅರಸನ ಪುಸ್ತಕದಲ್ಲಿ ಅಕ್ಕಸಾಲಿಗನ ಲೆಕ್ಕ! ಲೆಕ್ಕವಾದರೂ ಯಾಕೆ? ನಡುವೆ ಲೋಹ ಸಾಲದೆ ನಿಲ್ಲಿಸಿದರೆ ಹೊಯ್ದದ್ದು ಅಲ್ಲಿಗೇ ತಣಿಯುತ್ತದೆ. ಆಮೇಲೆ ಹೊಯ್ದದ್ದು ಅದಕ್ಕೆ ಸರಿಯಾಗಿ ಬೆಸೆಯುವುದಿಲ್ಲ.

ಅದಕ್ಕೂ ಹಿಂದೆ ಲಕ್ಕುಂಡಿಯ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ 1500 ಜಿನಪ್ರತಿಮೆಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ.

ಮಗ ಅಪ್ಪನನ್ನು ಹೋತರೆ “ಎರಕಾ ಹೊಯ್ದಂಗ ಅದಾನ” ಎನ್ನುತ್ತೇವೆ. ಆದರೆ ಮೇಣದ ಎರಕದಲ್ಲಿ ಮೂರ್ತಿ ಹೊರಗೆ ಬರಬೇಕಾದರೆ ಮಣ್ಣಿನ ಅಚ್ಚು ಒಡೆಯಲೇಬೇಕು. ಆ ಅಚ್ಚಿನಿಂದ ಎರಡನೆಯದು ಬಾರದು. ಅಂದಮೇಲೆ ಗಾದೆಯೊಳಗಿನ ಅಪ್ಪ ಮೇಣವೇ ಇರಬೇಕು.

ಈಗ ಕಾರ್ಖಾನೆಗಳಲ್ಲಿ ಎಲ್ಲವೂ ‘ಕಾಸ್ಟಿಂಗ್’. ಎರಕದ ಕಬ್ಬಿಣಕ್ಕೆ ಬೀಡು ಎಂಬ ಹೆಸರು ಇನ್ನೂ ಉಳಿದಿದೆ. ಸಂತೆಯಲ್ಲಿ ದೋಸೆ ಹಂಚು ಕೊಳ್ಳುವಾಗ “ಬೀಡಿಂದ ಐತೇನ್ರಿ?” ಎಂದೇ ಕೇಳಿ. ಬಡಿದು ಮಾಡಿದ ಹಂಚು ಕೆಳಗೆ ಬಿದ್ದರೆ ನೆಗ್ಗುತ್ತದೆ, ಬೀಡಿನದು ಸೀಳುತ್ತದೆ. ದೋಸೆ ಮಾತ್ರ ಬೀಡಿನದರಲ್ಲೇ ಚಂದ ಏಳುತ್ತದೆ.